ಗಣಕಯಂತ್ರದಲ್ಲಿ ಛಾರ್ಜು ಒಪ್ಪಿಸುವ ಕ್ರಮ

ಈ ತಿಂಗಳು ನಾವು ಉತ್ತರ ಹೇಳಬೇಕಾಗಿರುವ ಪ್ರಶ್ನೆಯು ಪಾಂಡವಪುರ ತಾಲ್ಲೂಕಿನ ಗೃಹಸ್ಥರೊಬ್ಬರಿಂದ ಬಂದುದು. ಅವರ ಮನೆಯ ಲ್ಯಾಪ್‌ಟಾಪ್ ಕೆಟ್ಟು, ಅದರ ಮದರ್‌ಬೋರ್ಡನ್ನು ಪೇಟೆಯ ಅಂಗಡಿಯಲ್ಲಿ ಬದಲಾಯಿಸಿಕೊಂಡು ಬಂದರಂತೆ. ಕಾಗದಪತ್ರಗಳಿರುವ ಡಿಸ್ಕು ಮೊದಲಿನದೇ. ಅದರಲ್ಲಿ ಒಂದಕ್ಷರವೂ ಅಳಿದಿಲ್ಲ. ಆದರೂ ಗುಂಡಿಯನ್ನೊತ್ತಿದೊಡನೆ ನೀಲಿಯ ಪರದೆಯೊಂದು ಮೂಡಿ 48 ಅಂಕಿಗಳ ಸಂಖ್ಯೆಯೊಂದನ್ನು ಕೇಳುತ್ತದೆ. ಮಗಳ ಮದುವೆಯ ಚಿತ್ರಗಳೂ, ತಂದೆಯ ಕಾಲದ ಕ್ರಯಪತ್ರಗಳ ಪ್ರತಿಗಳೂ ಅದರೊಳಗೆ ಸಿಕ್ಕಿಕೊಂಡಿವೆ. “ಡಿಸ್ಕು ನಮ್ಮದು, ಪಾಸ್‌ವರ್ಡು ನಮಗೆ ಗೊತ್ತು, ಬದಲಾದುದು ಬರಿಯ ಹಲಗೆ, ಹೀಗಿರಲು ಯಂತ್ರವು ನಮ್ಮನ್ನೇಕೆ ಗುರುತಿಸದು?” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಚಿಕ್ಕದು, ಆದರೆ ಉತ್ತರಕ್ಕೆ ಸ್ವಲ್ಪ ದೂರದಿಂದ ಬರಬೇಕಾಗಿದೆ. ಗುಂಡಿಯನ್ನೊತ್ತುವುದಕ್ಕೂ ಪರದೆಯ ಮೇಲೆ ಚಿತ್ರ ಮೂಡುವುದಕ್ಕೂ ನಡುವಣ ಕೆಲವು ಕ್ಷಣಗಳಲ್ಲಿ ಯಂತ್ರದೊಳಗೆ ಅಧಿಕಾರವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಕೊಡುವವನ ಹೆಸರು ಫರ್ಮ್‌ವೇರ್. ತೆಗೆದುಕೊಳ್ಳುವವನ ಹೆಸರು ಕರ್ನಲ್. ಈ ಇಬ್ಬರ ನಡುವೆ ನಡೆಯುವ ಮಾತುಕತೆಯನ್ನು ತಿಳಿಯದೆ ನಮ್ಮ ಪಾಂಡವಪುರದ ಮಿತ್ರರ ಸಂಕಟವು ಅರ್ಥವಾಗುವಂತಿಲ್ಲ.

ವಿದ್ಯುತ್ತು ಬಂದ ಕ್ಷಣದಲ್ಲಿ ಗಣಕಯಂತ್ರದ ಮೆದುಳಾದ ಪ್ರೊಸೆಸರಿಗೆ ಏನೂ ತಿಳಿಯದು. ನೆನಪಿನ ಚಿಪ್ಪುಗಳು ಬರಿದು. ಡಿಸ್ಕು ಎಲ್ಲಿದೆ, ಕೀಲಿಮಣೆ ಯಾವ ದಾರಿಯಲ್ಲಿದೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಹುಟ್ಟುವಾಗಲೇ ಅದಕ್ಕೆ ಬಂದಿರುವ ಬುದ್ಧಿ ಒಂದೇ: ಇಂಥ ವಿಳಾಸದಲ್ಲಿರುವ ಆಜ್ಞೆಯನ್ನು ಓದಿ ಅದರಂತೆ ನಡೆ, ಎಂಬುದು. ಐ.ಬಿ.ಎಂ. ಸಂಸ್ಥೆಯು 1981ರಲ್ಲಿ ಹೊರಡಿಸಿದ ಪರ್ಸನಲ್ ಕಂಪ್ಯೂಟರಿನಲ್ಲಿ ಒಟ್ಟು 10,48,576 ವಿಳಾಸಗಳಿದ್ದುವು. ಅವುಗಳ ಕೊನೆಗೆ ಸರಿಯಾಗಿ 16 ಮನೆ ಹಿಂದಿನದೇ ಈ ಮೊದಲ ವಿಳಾಸ. ಅಲ್ಲಿ ಕುಳಿತಿರುವುದು, ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ ಅಚ್ಚಾಗಿ, ವಿದ್ಯುತ್ತು ಹೋದರೂ ಅಳಿಯದೆ ಉಳಿಯುವ ಕ್ರಮವಿಧಿ. ಇದೇ ಫರ್ಮ್‌ವೇರು. ಹಿಂದೆ ಇದನ್ನು ಬಯಾಸ್ ಎನ್ನುತ್ತಿದ್ದರು. ರೂಢಿಯಲ್ಲಿ ಈಗಲೂ ಹಾಗೆಯೇ ಅನ್ನುವರು.

ಕರ್ನಲ್ ಎಂದರೆ ತಿರುಳು. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಕಾರ್ಯಾಚರಣ ವ್ಯವಸ್ಥೆಯೆಂದು ನಾವು ಕರೆಯುವುದರ ಒಳತಿರುಳು ಅದು. ಯಾವ ಕೆಲಸಕ್ಕೆ ಎಷ್ಟು ನೆನಪು, ಯಾರ ಸರದಿ ಯಾವಾಗ, ಡಿಸ್ಕಿನ ಮೇಲೆ ಯಾರು ಬರೆಯಬಹುದು, ಎಲ್ಲವೂ ಅದರ ಅಪ್ಪಣೆಯಿಂದ ನಡೆಯತಕ್ಕದ್ದು. ಆದರೆ ಇಷ್ಟು ಅಧಿಕಾರವುಳ್ಳ ಕರ್ನಲ್ಲು ತಾನು ಕಾಲಿಟ್ಟ ಮನೆಯನ್ನು ಕಂಡೇ ಇರುವುದಿಲ್ಲ. ನಾಗಮಂಗಲದ ಮನೆಯೊಂದರಲ್ಲಿಯೂ ನ್ಯೂಯಾರ್ಕಿನ ಕಚೇರಿಯೊಂದರಲ್ಲಿಯೂ ಓಡುವುದು ಅದೇ ಕರ್ನಲ್ಲೇ. ಯಂತ್ರಗಳು ಮಾತ್ರ ಬೇರೆ ಬೇರೆ.

ನಮ್ಮ ಸೀಮೆಯ ಹಿರಿಯರಿಗೆ ಇದನ್ನು ತಿಳಿಸುವುದು ಸುಲಭ. ಹಿಂದೆ ತಾಲ್ಲೂಕಿಗೆ ಹೊಸ ಅಮಲ್ದಾರರು ಬರುತ್ತಿದ್ದರಷ್ಟೆ. ಕಾನೂನೆಲ್ಲವೂ ಅವರಿಗೆ ಬಾಯಿಪಾಠ. ಊರಿನ ಹೊಲಗಳು ಮಾತ್ರ ಅಪರಿಚಿತ. ವಿರಿಜಾ ನಾಲೆಯ, ಚಿಕ್ಕದೇವರಾಜಸಾಗರ ನಾಲೆಯ ನೀರುಂಡ ಶ್ರೀರಂಗಪಟ್ಟಣದ ಗದ್ದೆಗಳ ಲೆಕ್ಕವೇ ಬೇರೆ. ಮಳೆಯನ್ನೂ ಕೆರೆಯನ್ನೂ ನಂಬಿದ ನಾಗಮಂಗಲದ ಹೊಲಗಳ ಲೆಕ್ಕವೇ ಬೇರೆ. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದ ಅಮಲ್ದಾರರು ಶಾನುಭೋಗರ ದಫ್ತರವನ್ನು ಬಿಚ್ಚಿಸದೆ ಒಂದು ಗುಂಟೆಯ ವಿಷಯದಲ್ಲಿಯೂ ಹುಕುಂ ಬರೆಯುವಂತಿರಲಿಲ್ಲ. ವಂಶಪಾರಂಪರ್ಯದ ಆ ಶಾನುಭೋಗಿಕೆಯು 1961ರ ಶಾಸನದಿಂದ ರದ್ದಾಯಿತು. ಗಣಕಯಂತ್ರದಲ್ಲಿ ಅದು ಇನ್ನೂ ಉಳಿದಿದೆಯೆಂದರೆ ತಪ್ಪಿಲ್ಲ. ಫರ್ಮ್‌ವೇರು ಶಾನುಭೋಗ, ಕರ್ನಲ್ಲು ಅಮಲ್ದಾರ.

ಮೊದಲಿನ ಬಯಾಸ್‌ಗಳ ಕಾಲದಲ್ಲಿ ಛಾರ್ಜು ಒಪ್ಪಿಸುವ ಕ್ರಮವು ಬಲು ಸರಳವಾಗಿತ್ತು. ಡಿಸ್ಕಿನ ಮೊದಲ 512 ಬೈಟುಗಳನ್ನು ಬಯಾಸು ನೆನಪಿನೊಳಗೆ ಎಳೆದುಕೊಂಡು, ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಗುರುತಿದೆಯೇ ಎಂದು ನೋಡಿ, ಇದ್ದರೆ ಆ ತುಣುಕಿಗೆ ಅಧಿಕಾರವನ್ನು ಬಿಟ್ಟುಕೊಡುತ್ತಿತ್ತು. ಆ ಬಳಿಕವೂ ಡಾಸ್ ಎಂಬ ಹಳೆಯ ವ್ಯವಸ್ಥೆಯು ಪ್ರತಿಯೊಂದು ಕೆಲಸಕ್ಕೂ ಬಯಾಸನ್ನೇ ಕೂಗುತ್ತಿತ್ತು: ಈ ಅಕ್ಷರವನ್ನು ಪರದೆಗೆ ಬರೆ, ಆ ತುಣುಕನ್ನು ಡಿಸ್ಕಿನಿಂದ ತಾ, ಎಂದು. 1990ರ ದಶಕದ ಕರ್ನಲ್‌ಗಳು ಈ ಪರಾಧೀನತೆಯನ್ನು ಬಿಟ್ಟುವು. ಡಿಸ್ಕನ್ನೂ ಪರದೆಯನ್ನೂ ತಾವೇ ನೇರವಾಗಿ ನಡೆಸಿಕೊಂಡು, ಮೊದಲ ಗಳಿಗೆಯಲ್ಲಿ ಮಾತ್ರ ಬಯಾಸನ್ನು ಕೆಲವು ಪ್ರಶ್ನೆ ಕೇಳಿ ಸುಮ್ಮನಾಗತೊಡಗಿದುವು. ಇಂಟೆಲ್ ಸಂಸ್ಥೆಯು ಆ ದಶಕದ ಕೊನೆಯಲ್ಲಿ ಪ್ರಾರಂಭಿಸಿ, 2005ರಲ್ಲಿ ಅನೇಕ ಸಂಸ್ಥೆಗಳ ಕೂಟಕ್ಕೆ ಒಪ್ಪಿಸಿದ ಯು.ಇ.ಎಫ್.ಐ. ಎಂಬ ಕಟ್ಟಳೆಯು ಈ ಸಂಭಾಷಣೆಗೆ ಒಂದು ಲಿಖಿತ ಕ್ರಮವನ್ನು ಕೊಟ್ಟಿತು. ಇಂದು ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಛಾರ್ಜು ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ನೆನಪಿನ ಪಹಣಿ. ಯಂತ್ರದಲ್ಲಿ ಎಂಟು ಗಿಗಾಬೈಟು ನೆನಪಿದೆಯೆಂದು ಡಬ್ಬದ ಮೇಲೆ ಬರೆದಿರಬಹುದು. ಅಷ್ಟೂ ಸಾಗುವಳಿಗೆ ಬರುವ ಜಮೀನಲ್ಲ. ಅದನ್ನು 4096 ಬೈಟುಗಳ ಪುಟಗಳಾಗಿ ಅಳೆದು, ಎಲ್ಲಿಂದ ಎಷ್ಟು ಪುಟ, ಯಾವ ಬಗೆ, ಎಂದು ಫರ್ಮ್‌ವೇರು ಸಾಲುಸಾಲಾಗಿ ಬರೆದಿಟ್ಟಿರುತ್ತದೆ. ಇದು ನಿನಗೆ ಬಿಟ್ಟ ನೆಲ; ಇದು ನಾನು ಈಗ ಬಿಡಾರ ಹೂಡಿರುವ ನೆಲ, ನಾನು ಹೊರಟ ಮೇಲೆ ಉತ್ತುಕೊ; ಇದರಲ್ಲಿ ಕೋಷ್ಟಕಗಳಿವೆ, ಓದಿ ಮುಗಿಸಿದ ಮೇಲೆ ನಿನ್ನದು; ಇದು ಕೊನೆಯವರೆಗೂ ನನ್ನ ಇನಾಮು, ಮುಟ್ಟಬೇಡ; ಇದು ಖರಾಬು. ಕರ್ನಲ್ಲು ಈ ಬರವಣಿಗೆಯನ್ನು ನಂಬಿಯೇ ತನ್ನ ಸಂಸಾರವನ್ನು ಹೂಡಬೇಕು. ಫರ್ಮ್‌ವೇರಿನ ಇನಾಮಿನಲ್ಲಿ ಉಳುಮೆ ಮಾಡಿದರೆ ಯಂತ್ರವು ಕಾರಣ ತಿಳಿಯದಂತೆ ನಿಂತುಹೋಗುವುದುಂಟು. ಲಿನಕ್ಸ್ ಇರುವ ಮನೆಗಳಲ್ಲಿ ಯಂತ್ರದ ಪ್ರಾರಂಭದ ದಿನಚರಿಯನ್ನು ತೆರೆದು ನೋಡಿದರೆ ಮೊದಲ ಸಾಲುಗಳಲ್ಲಿಯೇ ಈ ಪಹಣಿಯು ಅಚ್ಚಾಗಿರುವುದನ್ನು ಕಾಣಬಹುದು.

ಛಾರ್ಜು ಕೊಡುವ ಗಳಿಗೆಯಲ್ಲಿ ಒಂದು ಸೊಗಸಾದ ಎಚ್ಚರಿಕೆಯನ್ನು ಇಟ್ಟಿದ್ದಾರೆ. ಪಹಣಿಯನ್ನು ಕೊಡುವಾಗ ಫರ್ಮ್‌ವೇರು ಅದರ ಜತೆಗೆ ಒಂದು ಕ್ರಮಸಂಖ್ಯೆಯನ್ನೂ ಕೊಡುತ್ತದೆ. “ಇನ್ನು ನೀನು ಹೊರಡಬಹುದು” ಎಂದು ಹೇಳುವಾಗ ಅದೇ ಸಂಖ್ಯೆಯನ್ನು ಹಿಂದಕ್ಕೆ ತೋರಿಸಬೇಕು. ಈ ನಡುವೆ ಒಂದು ಪುಟವಾದರೂ ಕೈ ಬದಲಾಯಿಸಿದ್ದರೆ ಸಂಖ್ಯೆಯು ಹಳೆಯದಾಗಿರುತ್ತದೆ. ಫರ್ಮ್‌ವೇರು ಹೊರಡಲು ಒಪ್ಪುವುದಿಲ್ಲ. ಹೊಸ ಪಹಣಿಯನ್ನು ಪಡೆದು ಮತ್ತೆ ಬರಬೇಕು. ಬೆಳಿಗ್ಗೆ ತೆಗೆದ ಪಹಣಿಯನ್ನು ಹಿಡಿದುಕೊಂಡು, ಮಧ್ಯಾಹ್ನ ಖಾತೆ ಬದಲಾದುದನ್ನು ಅರಿಯದೆ, ಸಂಜೆ ಕ್ರಯಕ್ಕೆ ಹೋದವರ ಪಾಡನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಭೂಮಿ ಎಂಬ ಯೋಜನೆಯಿಂದ ಈ ಶತಮಾನದ ಆದಿಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರವು, ಗಣಕಯಂತ್ರಕ್ಕೆ ಏರಿದುವಷ್ಟೆ. ತಾಲ್ಲೂಕು ಕಚೇರಿಯ ಆ ಯಂತ್ರವೂ ದಿನವೂ ಬೆಳಿಗ್ಗೆ ಮೊದಲು ತನ್ನ ನೆನಪಿನ ಪಹಣಿಯನ್ನು ಓದಿಕೊಂಡ ಮೇಲೆಯೇ ರೈತನ ಪಹಣಿಯನ್ನು ಅಚ್ಚುಹಾಕಿ ಕೊಡುವುದು.

ಛಾರ್ಜು ಒಪ್ಪಿಸಿದ ತರುವಾಯ ಫರ್ಮ್‌ವೇರು ಪೂರ್ಣವಾಗಿ ಹೊರಟುಹೋಗದು. ಗಡಿಯಾರ ನೋಡಿ ಹೇಳುವುದು, ಯಾವ ಡಿಸ್ಕಿನಿಂದ ಏಳಬೇಕೆಂಬಂಥ ಕೆಲವು ಟಿಪ್ಪಣಿಗಳನ್ನು ಕಾಪಾಡುವುದು, ಯಂತ್ರವನ್ನು ಮರಳಿ ಎಬ್ಬಿಸುವುದು, ಇಂಥ ಸಣ್ಣ ಸೇವೆಗಳಿಗಾಗಿ ತನ್ನ ಇನಾಮಿನಲ್ಲಿಯೇ ಉಳಿದಿರುತ್ತದೆ. ಆದರೆ ಕರ್ನಲ್ಲು ಬಂದೊಡನೆ ನೆನಪಿನ ಮನೆಗಳಿಗೆಲ್ಲ ತನ್ನದೇ ಹೊಸ ವಿಳಾಸಗಳನ್ನು ಹಚ್ಚಿಕೊಳ್ಳುವುದರಿಂದ, ಹಳೆಯ ವಿಳಾಸವನ್ನು ಮಾತ್ರ ಬಲ್ಲ ಫರ್ಮ್‌ವೇರಿಗೆ ದಾರಿತಪ್ಪುವ ಭಯವುಂಟು. ಹಿರೋಡೆಯು ಫ್ರೆಂಚ್ ರಾಕ್ಸ್ ಆಗಿ, ಫ್ರೆಂಚ್ ರಾಕ್ಸ್ ಪಾಂಡವಪುರವಾಗಿ, ಅತ್ತಿಗುಪ್ಪೆಯು ಕೃಷ್ಣರಾಜಪೇಟೆಯಾಗಿ ಬದಲಾದಾಗ ಅಂಚೆಯವನಿಗೆ ಹಳೆಯ ಹೆಸರಿಗೂ ಹೊಸ ಹೆಸರಿಗೂ ಒಂದು ಪಟ್ಟಿ ಬೇಕಾಗಿದ್ದಂತೆ, ಕರ್ನಲ್ಲು ಹಳೆಯ ವಿಳಾಸಗಳೆದುರು ಹೊಸವನ್ನು ಬರೆದು ಫರ್ಮ್‌ವೇರಿಗೆ ಒಪ್ಪಿಸುತ್ತದೆ. ಯಂತ್ರವು ಎದ್ದ ಒಂದು ಸಲಕ್ಕೆ ಇದನ್ನು ಒಂದೇ ಬಾರಿ ಮಾಡತಕ್ಕದ್ದು. ಎರಡನೆಯ ಪಟ್ಟಿಯನ್ನು ಫರ್ಮ್‌ವೇರು ಸ್ವೀಕರಿಸದು.

ಎಲ್ಲ ಯಂತ್ರಗಳಲ್ಲಿಯೂ ಇಷ್ಟು ದೊಡ್ಡ ದಫ್ತರವಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಎಂಬ ಕೈಗಣಕವನ್ನು ನಮ್ಮ ವಾಚಕರಲ್ಲಿ ಕೆಲವರು ಮರೆತಿರಲಾರರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರು ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಸಂಗ್ರಹಕ್ಕೂ ಅದನ್ನು ಬಳಸಿ ನೋಡಿತು. ಅದರ ಒಳಗಿದ್ದುದು ಲಿನಕ್ಸ್ ಕರ್ನಲ್. ಮೆದುಳು ಆರ್ಮ್ ಜಾತಿಯದು. ಆ ಜಾತಿಯ ಯಂತ್ರಗಳಲ್ಲಿ ಆ ಕಾಲಕ್ಕೆ ಬಯಾಸ್ ಎಂಬ ಪದ್ಧತಿಯಿರಲಿಲ್ಲ. ಚಿಕ್ಕದೊಂದು ಬೂಟ್‌ಲೋಡರು ಎದ್ದು, ಕರ್ನಲ್ಲಿನ ಕೈಯಲ್ಲಿ ಎರಡೇ ಚೀಟಿಗಳನ್ನು ಇಡುತ್ತಿತ್ತು. ಒಂದರಲ್ಲಿ ಈ ಹಲಗೆಯ ಜಾತಿಸಂಖ್ಯೆ. ಇನ್ನೊಂದರಲ್ಲಿ, ನೆನಪು ಎಷ್ಟಿದೆ ಮೊದಲಾದ ವಿವರಗಳನ್ನು ಬರೆದಿಟ್ಟ ಸ್ಥಳದ ವಿಳಾಸ. ಉಳಿದುದನ್ನೆಲ್ಲ ಕರ್ನಲ್ಲು ತನ್ನೊಳಗೇ ಹೊತ್ತು ಬಂದಿರಬೇಕು. ಹಲಗೆಗಳ ಜಾತಿಗಳು ನೂರಾರಾಗಿ ಬೆಳೆದಾಗ ಈ ಹೊರೆ ಹೆಚ್ಚಿತು. 2011ರಿಂದೀಚೆಗೆ ಆರ್ಮ್ ಯಂತ್ರಗಳ ಲಿನಕ್ಸ್ ಕೂಡ, ಹಲಗೆಯ ಮೇಲೆ ಏನೇನಿದೆಯೆಂಬುದನ್ನು ಕೊಂಬೆಗಳಾಗಿ ಬರೆದ ಡಿವೈಸ್ ಟ್ರೀ ಎಂಬ ವಂಶವೃಕ್ಷವನ್ನು ಬೂಟ್‌ಲೋಡರಿನಿಂದ ಪಡೆಯುವ ಕ್ರಮಕ್ಕೆ ಬಂದಿತು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಗಳು ಏಳುವುದು ಸಾಮಾನ್ಯವಾಗಿ ಈ ಕ್ರಮದಿಂದಲೇ.

ಶಾನುಭೋಗರ ಲೆಕ್ಕವೆಲ್ಲ ಸತ್ಯವೆಂದು ನಂಬಿದವರು ಯಾರೂ ಇಲ್ಲವಷ್ಟೆ. ಫರ್ಮ್‌ವೇರಿನ ಮಾತೂ ಹಾಗೆಯೇ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಮುಚ್ಚಳ ಮುಚ್ಚಿದರೆ ಏನು ಮಾಡಬೇಕು, ಬಿಸಿಯೇರಿದರೆ ಬೀಸಣಿಗೆಯನ್ನು ಹೇಗೆ ತಿರುಗಿಸಬೇಕು ಎಂಬಿವನ್ನು ತಿಳಿಸಲು 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಎ.ಸಿ.ಪಿ.ಐ. ಎಂಬ ಕಟ್ಟಳೆಯನ್ನು ಗೊತ್ತುಮಾಡಿದುವು. ಅದರಂತೆ ಫರ್ಮ್‌ವೇರು ಬರೆದಿಟ್ಟ ಸೂಚನೆಗಳನ್ನು ಕರ್ನಲ್ಲು ಓದಿ ನಡೆಸುತ್ತದೆ. ವಿನೋದವೇನೆಂದರೆ, ಈ ಸೂಚನೆಗಳ ನಡುವೆ “ನೀನು ಯಾರು?” ಎಂಬ ಪ್ರಶ್ನೆಯೂ ಬರುವುದುಂಟು. ಯಂತ್ರ ಮಾಡುವವರಲ್ಲಿ ಹಲವರು ತಮ್ಮ ಫರ್ಮ್‌ವೇರನ್ನು ವಿಂಡೋಸಿನೊಡನೆ ಮಾತ್ರ ಪರೀಕ್ಷಿಸುವುದರಿಂದ, ಬೇರೆಯ ಉತ್ತರ ಕೊಟ್ಟವರಿಗೆ ಅರೆಬರೆಯ ಲೆಕ್ಕ ದೊರೆಯುವುದು. ಆದಕಾರಣ ಲಿನಕ್ಸ್ ಕರ್ನಲ್ಲು, ನೀನು ವಿಂಡೋಸೋ ಎಂದು ಕೇಳಿದರೆ ಹೌದೆಂದೂ, ಲಿನಕ್ಸೋ ಎಂದು ಕೇಳಿದರೆ ಅಲ್ಲವೆಂದೂ ಹೇಳುವ ವಾಡಿಕೆಯನ್ನು ಇಟ್ಟುಕೊಂಡಿದೆ. ಕೆಲಸ ಕೆಡದಂತೆ ಆಡಿದ ಈ ಸುಳ್ಳನ್ನು ನಾವು ದೊಡ್ಡ ತಪ್ಪೆಂದು ಎಣಿಸೆವು.

ಟಿಪ್ಪಣಿ ಬರೆಯುವ ಸ್ಥಳದಲ್ಲಿಯೂ ಅಪಾಯವಿಲ್ಲದಿಲ್ಲ. 2013ರಲ್ಲಿ ಸ್ಯಾಮ್ಸಂಗ್ ಸಂಸ್ಥೆಯ ಕೆಲವು ಲ್ಯಾಪ್‌ಟಾಪುಗಳು, ಲಿನಕ್ಸ್ ಕರ್ನಲ್ಲು ಅವುಗಳೊಡನೆ ವ್ಯವಹರಿಸಿದ ಮಾತ್ರಕ್ಕೆ ಮತ್ತೆ ಏಳದೆಹೋದುವು. ಫರ್ಮ್‌ವೇರು ತನ್ನ ಟಿಪ್ಪಣಿಯ ಪುಸ್ತಕವನ್ನು ಸಂಭಾಳಿಸಿಕೊಳ್ಳಲಾರದೆ ಹೋದುದೇ ಮೂಲದೋಷವೆಂದು ತಿಳಿದುಬಂದಿತು. 2016ರಿಂದೀಚೆಗೆ ಲಿನಕ್ಸ್ ಈ ಪುಸ್ತಕದ ಬಹುಭಾಗವನ್ನು ಅಕಸ್ಮಾತ್ತಾಗಿ ಅಳಿಸಲಾಗದಂತೆ ಬೀಗಹಾಕಿಡುತ್ತದೆ.

ಗಡಿಯಾರದ ಮಾತು ಬಂದುದರಿಂದ ಒಂದು ಸಣ್ಣ ವಿಷಯ. ನಮ್ಮ ಜಿಲ್ಲೆಯಲ್ಲಿ ಆರ್.ಟಿ.ಸಿ. ಎಂದರೆ ಮಕ್ಕಳೂ ಪಹಣಿಯೆನ್ನುವರು. ಯಂತ್ರ ರಿಪೇರಿಯವರ ಬಾಯಲ್ಲಿ ಅದೇ ಮೂರಕ್ಷರಕ್ಕೆ ಹಲಗೆಯ ಮೇಲಿನ ಗಡಿಯಾರವೆಂದು ಅರ್ಥ. ಮೇಜಿನ ಮೇಲಿಡುವ ಗಣಕಯಂತ್ರದಲ್ಲಿ ಈ ಗಡಿಯಾರವು ಸಾಮಾನ್ಯವಾಗಿ ಸಿ.ಆರ್. 2032 ಎಂಬ ಬಿಲ್ಲೆಯಂಥ ಬ್ಯಾಟರಿಯ ಬಲದಿಂದ, ವಿದ್ಯುತ್ತಿಲ್ಲದ ಹೊತ್ತಿನಲ್ಲಿಯೂ ನಡೆಯುತ್ತಿರುತ್ತದೆ. ಬಿಲ್ಲೆ ಸತ್ತರೆ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಹೋಗುವುದು. ಕರ್ನಲ್ಲು ಅದನ್ನೇ ನಂಬುವುದು. ಬ್ಯಾಂಕಿನ ಪುಟವನ್ನು ತೆರೆದರೆ ಪ್ರಮಾಣಪತ್ರದ ಕಾಲವು ಹೊಂದುವುದಿಲ್ಲವೆಂದು ತಕರಾರು ಬರುವುದು. ಇದಕ್ಕೆ ಹೊಸ ಯಂತ್ರ ಬೇಕೆಂದು ಹೇಳುವವರ ಮಾತಿಗೆ ಮರುಳಾಗದೆ ಮೊದಲು ಬಿಲ್ಲೆಯನ್ನು ಬದಲಾಯಿಸಿ ನೋಡತಕ್ಕದ್ದು. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರ ಗಡಿಯಾರವು ಐದೂವರೆ ಗಂಟೆ ಹಿಂದುಮುಂದಾದರೆ ಅದು ಬಿಲ್ಲೆಯ ತಪ್ಪಲ್ಲ. ವಿಂಡೋಸು ಆ ಗಡಿಯಾರದಲ್ಲಿ ನಮ್ಮ ಊರಿನ ಕಾಲವಿದೆಯೆಂದೂ, ಲಿನಕ್ಸು ಸಾಮಾನ್ಯವಾಗಿ ಗ್ರೀನಿಚ್ಚಿನ ಕಾಲವಿದೆಯೆಂದೂ ತಿಳಿದುಕೊಳ್ಳುವುದರ ಫಲ.

ಇನ್ನು ಪಾಂಡವಪುರದ ಪ್ರಶ್ನೆಗೆ ಬರೋಣ. ಈಚಿನ ಯಂತ್ರಗಳಲ್ಲಿ ಟಿ.ಪಿ.ಎಂ. ಎಂಬ ತಿಜೋರಿಯುಂಟು, ಹಲಗೆಯ ಮೇಲೆ ಬೇರೆ ಚಿಪ್ಪಾಗಿಯೋ ಪ್ರೊಸೆಸರಿನ ಒಳಗೋ ಅದು ಇರುವುದು. 2021ರ ವಿಂಡೋಸ್ 11ಕ್ಕೆ ಇದು ಇರಲೇಬೇಕೆಂದು ಗೊತ್ತುಮಾಡಿದರು. ಮೇಲುಕೋಟೆಯ ವೈರಮುಡಿಯು ಮಂಡ್ಯದ ಖಜಾನೆಯಿಂದ ಹೊರಟು ದೇವಾಲಯವನ್ನು ಸೇರುವವರೆಗೆ ಜವಾಬ್ದಾರರ ಕೈಯಲ್ಲಿಯೇ ಸಾಗುವಂತೆ, ಫರ್ಮ್‌ವೇರು ತಾನು ಮುಂದೆ ಅಧಿಕಾರ ಕೊಡಲಿರುವ ಪ್ರತಿಯೊಂದು ತುಣುಕನ್ನೂ ಮೊದಲು ಅಳೆದು, ಆ ಅಳತೆಯನ್ನು ಈ ತಿಜೋರಿಯಲ್ಲಿ ಬರೆಸುತ್ತದೆ. ಡಿಸ್ಕಿನ ಮೇಲಿನ ಬರಹವೆಲ್ಲ ಗೂಢಲಿಪಿಯಲ್ಲಿದ್ದರೆ, ಅದನ್ನು ಬಿಡಿಸುವ ಕೀಲಿಯು ಇರುವುದೂ ಈ ತಿಜೋರಿಯ ಮುದ್ರೆಯೊಳಗೇ. ಅಳತೆಗಳು ಮುದ್ರೆ ಹಾಕಿದ ದಿನದವುಗಳೊಡನೆ ತಾಳೆಯಾದರೆ ಕೀಲಿ ಹೊರಬರುವುದು, ಇಲ್ಲವಾದರೆ ಇಲ್ಲ. ನಮ್ಮ ಮಿತ್ರರ ಹಲಗೆಯೊಡನೆ ತಿಜೋರಿಯೂ ಹೋಯಿತು. ಡಿಸ್ಕು ಉಳಿಯಿತು, ಕೀಲಿ ಉಳಿಯಲಿಲ್ಲ. ಪಾಸ್‌ವರ್ಡು ಬೇಕಾಗುವುದು ಕರ್ನಲ್ಲು ಎದ್ದ ಮೇಲಿನ ಬಾಗಿಲಿಗೆ. ಇದು ಅದಕ್ಕೂ ಹಿಂದಿನ ಬಾಗಿಲು. ಕಳ್ಳನು ಡಿಸ್ಕನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿದಾಗ ಯಂತ್ರವು ಏನು ಮಾಡಬೇಕೋ ಅದನ್ನೇ ಇಲ್ಲಿ ಯಜಮಾನರಿಗೂ ಮಾಡಿದೆ.

ಹಾಗಾದರೆ ದಾರಿಯೇನು? 48 ಅಂಕಿಗಳ ಸಂಖ್ಯೆಯು ಅದೇ ಕೀಲಿಯ ಬದಲಿ. ಗೂಢಲಿಪಿಯು ತಾನಾಗಿಯೇ ಪ್ರಾರಂಭವಾದ ಮನೆಯ ಯಂತ್ರಗಳಲ್ಲಿ ಅದರ ಪ್ರತಿಯು, ಯಂತ್ರವನ್ನು ಮೊದಲು ಸಿದ್ಧಪಡಿಸಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುವುದು. ಅನೇಕ ಮನೆಗಳಲ್ಲಿ ಆ ಖಾತೆಯು ಯಜಮಾನರದಾಗಿರದೆ, ಯಂತ್ರವನ್ನು ಹೊಂದಿಸಿಕೊಟ್ಟ ಅಂಗಡಿಯವರದೋ, ಬೆಂಗಳೂರಿನಲ್ಲಿರುವ ಅಳಿಯಂದಿರದೋ ಆಗಿರುವುದುಂಟು; ಅವರನ್ನು ಮೊದಲು ವಿಚಾರಿಸತಕ್ಕದ್ದು. ಪರದೆಯ ಮೇಲೆ ಕಾಣುವ ಕೀಲಿಯ ಗುರುತಿನೊಡನೆ ಖಾತೆಯಲ್ಲಿರುವ ಗುರುತನ್ನು ತಾಳೆ ನೋಡಿ ಸಂಖ್ಯೆಯನ್ನು ತುಂಬಬೇಕು. ಖಾತೆ ಸಿಕ್ಕದಿದ್ದರೆ, ಅಂಗಡಿಯಿಂದ ಹಳೆಯ ಹಲಗೆಯನ್ನು ಹಿಂದಕ್ಕೆ ಕೇಳಿ ಪಡೆಯಬೇಕು. ಅದನ್ನು ಒಂದು ಸಲ ಎದ್ದುನಿಲ್ಲುವಷ್ಟು ಸರಿಪಡಿಸಿದರೂ ತಿಜೋರಿ ತೆರೆಯುವ ಸಂಭವವುಂಟು. ಇವೆರಡೂ ಆಗದಿದ್ದಲ್ಲಿ ಆ ಡಿಸ್ಕಿನೊಳಗಿನದು ಹೋಯಿತೆಂದೇ ತಿಳಿಯಬೇಕು. ಮೈಕ್ರೋಸಾಫ್ಟಿನವರಾಗಲಿ ಯಂತ್ರ ಮಾಡಿದವರಾಗಲಿ ಹೊಸ ಸಂಖ್ಯೆಯನ್ನು ಸೃಷ್ಟಿಸಿ ಕೊಡಲಾರರು. ಕೊಡುವೆವೆಂದು ಹಣ ಕೇಳುವವರನ್ನು ನಂಬಕೂಡದು.

ಯಂತ್ರವು ಸುಸ್ಥಿತಿಯಲ್ಲಿರುವ ವಾಚಕರು ಇಂದೇ ಈ ಸಂಖ್ಯೆಯನ್ನು ಹುಡುಕಿ, ಕಾಗದದ ಮೇಲೆ ಬರೆದು, ಪಹಣಿ ಪಟ್ಟೆಗಳಿರುವ ಟ್ರಂಕಿನಲ್ಲಿಯೇ ಇಡಬಹುದು. ಹಲಗೆಯನ್ನು ಬದಲಾಯಿಸುವ ಮುನ್ನವೂ, ತಯಾರಕರು ಕಳುಹಿಸುವ ಹೊಸ ಫರ್ಮ್‌ವೇರನ್ನು ಹಾಕಿಕೊಳ್ಳುವ ಮುನ್ನವೂ ಈ ಕೆಲಸ ಆಗಿರಬೇಕು. ಫರ್ಮ್‌ವೇರು ಬದಲಾದರೆ ಅಳತೆಯೂ ಬದಲಾಗಿ ಅದೇ ನೀಲಿಪರದೆಯು ಕಾಣಿಸಿಕೊಳ್ಳುವುದುಂಟು. ಹಾಗೆಂದು ಹೊಸ ಫರ್ಮ್‌ವೇರನ್ನು ಬೇಡವೆನ್ನುವುದೂ ಸರಿಯಲ್ಲ. ಕರ್ನಲ್ಲು ಏಳುವ ಮೊದಲು ಅದರ ಸಹಿಯನ್ನು ಪರೀಕ್ಷಿಸುವ ಸೆಕ್ಯೂರ್ ಬೂಟ್ ಎಂಬ ಏರ್ಪಾಡಿಗೆ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿಯು 2026ರ ಜೂನ್ ತಿಂಗಳಿನಿಂದ ಮೊದಲ್ಗೊಂಡು ಒಂದೊಂದಾಗಿ ತೀರುವಂಥದು. ಅವಧಿ ತೀರಿದೊಡನೆ ಯಂತ್ರವೇನೂ ನಿಂತುಹೋಗದು. ಆದರೆ ಹೊಸ ಪ್ರಮಾಣಪತ್ರಗಳು ಬಾರದ ಯಂತ್ರಕ್ಕೆ ಮುಂದೆ ಈ ಭಾಗದ ರಕ್ಷಣೆಯ ತಿದ್ದುಪಡಿಗಳು ದೊರೆಯುವುದಿಲ್ಲ. ಕೆಲವು ಯಂತ್ರಗಳಲ್ಲಿ ಅವು ಬರುವುದು ಹೊಸ ಫರ್ಮ್‌ವೇರಿನ ಮೂಲಕವೇ.

ಫರ್ಮ್‌ವೇರನ್ನು ಬದಲಾಯಿಸುವ ಕೆಲಸವನ್ನು ಮಾತ್ರ ವಿದ್ಯುತ್ತು ಹೋಗಿಬರುವ ಹೊತ್ತಿನಲ್ಲಿ ಕೈಗೊಳ್ಳಕೂಡದು. ಹಳೆಯ ಶಾನುಭೋಗನನ್ನು ಕಳುಹಿಸಿ ಹೊಸಬನು ಬಂದು ಕುಳಿತುಕೊಳ್ಳುವುದಕ್ಕೆ ಮುಂಚೆಯೇ ದೀಪವಾರಿದರೆ, ಮುಂದಿನ ಸಲ ಗುಂಡಿಯೊತ್ತಿದಾಗ ಮೊದಲ ವಿಳಾಸದಲ್ಲಿ ಮಾತನಾಡುವವರೇ ಇಲ್ಲದೆ ಹೋಗಬಹುದು. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ತುಂಬಿಸಿ, ಚಾರ್ಜರಿನ ತಂತಿಯನ್ನೂ ಸಿಕ್ಕಿಸಿಟ್ಟು, ಕೆಲಸ ಮುಗಿದು ಯಂತ್ರವು ತಾನಾಗಿ ಏಳುವವರೆಗೆ ಗುಂಡಿಯನ್ನು ಮುಟ್ಟದೆ ಬಿಡುವುದು. ಪರದೆಯು ನಡುವೆ ಕೆಲವು ನಿಮಿಷ ಕಪ್ಪಾಗಿದ್ದರೆ ಗಾಬರಿಪಡಬೇಕಾದುದಿಲ್ಲ.